ಕೋಳಿ ಬಳಗದ ಮೊಸಳೆ

ದಾಂಡೇಲಿಯ ಅಂಬೇವಾಡಿಯಲ್ಲಿ ತಾಯವ್ವ ಅಂದರೆ ಸಣ್ಣ ಹುಡುಗರೂ ಮನೆ ತೋರಿಸುತ್ತಾರೆ. ಕೋಳಿ ಸಾಕಿ ಮೊಟ್ಟೆ ಮಾರುವ ತಾಯವ್ವ, ಬಾಯಿ ಜೋರಿನ ತಾಯವ್ವ. ಹುಂಜ ಕದ್ದವನನ್ನು ನಡುಸಂತೆಯಲ್ಲಿ ಹಿಡಿದು ಜಾಡಿಸಿದ ಹೆಂಗಸು. ಆದರೆ ಕಾಳಿ ಹೊಳೆಯ ಹೆಸರೆತ್ತಿ ನೋಡ್ರಿ, ಆ ಬಾಯಿ ಅಲ್ಲೇ ಬಂದ್! ಗಂಡನಿಗೆ ಕಾಗದದ ಮಿಲ್ಲಿನಲ್ಲಿ ಕೆಲಸ ಸಿಕ್ಕಿತೆಂದು ಧಾರವಾಡದ ಕಡೆಯಿಂದ ಬಂದ ಹೊಸದರಲ್ಲಿ, ಜೊತೆಗೆ ಬಟ್ಟೆ ಒಗೆಯುತ್ತಿದ್ದ ಪಕ್ಕದ ಮನೆಯವಳನ್ನು ಮೊಸಳೆ ಎಳೆದುಕೊಂಡು ಹೋದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅವತ್ತಿನಿಂದ ಹೊಳೆಗೆ ಇಳಿದವಳಲ್ಲ. ಬಸ್ಸು ಸೇತುವೆ ದಾಟುವಾಗಲೂ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾಳೆ.

ಅಂಥವಳ ಮಗಳಿಗೆ ಸಿಕ್ಕ ಕೆಲಸವಾದರೂ ಎಂಥದು? ಮೊಸಳೆ ಹಿಂದೆ ತಿರುಗುವುದು! ಬಿ.ಎಸ್ಸಿ. ಮುಗಿಸಿದ ಮಧುಮತಿ ಸಂಶೋಧಕರ ತಂಡವೊಂದನ್ನು ಸೇರಿದ್ದಳು. ಮರಿಗಳು ಹೊರಬಿದ್ದ ಮೇಲೆ ಗೂಡಿನಲ್ಲಿ ಉಳಿದ ಮೊಟ್ಟೆಯ ಚಿಪ್ಪು ಆರಿಸಿ ತರುವುದು ಅವಳ ಪಾಲಿನ ಕೆಲಸ. ಚಿಪ್ಪಿಗೆ ಅಂಟಿದ ಪೊರೆಯಿಂದ ಮೊಸಳೆಯ ಜೀನೋಮ್ ಓದುತ್ತಾರಂತೆ. ಅಂದರೆ ಹೆತ್ತವರಿಂದ ಮಕ್ಕಳಿಗೆ, ಮಕ್ಕಳಿಂದ ಮೊಮ್ಮಕ್ಕಳಿಗೆ ಮೈಯೊಳಗೇ ಇಳಿದು ಬಂದ ಬರಹವನ್ನು. ಅದನ್ನು ಬೇರೆ ಪ್ರಾಣಿಗಳದರ ಪಕ್ಕಕ್ಕಿಟ್ಟು ಯಾರಿಗೆ ಯಾರು ಹತ್ತಿರ ಅಂತ ನೋಡುತ್ತಾರಂತೆ.

ಹಾಗೆ ಹೋಲಿಸಿದರೆ, ಮೊಸಳೆ ಗೋಡೆ ಮೇಲಿನ ಹಲ್ಲಿಗಿಂತ ನಮ್ಮ ಕೋಳಿಗೇ ಹತ್ತಿರದ ಬಳಗ ಅಂತ ಮಧು ಒಂದು ದಿನ ಉಣ್ಣುತ್ತ ಹೇಳಿದಳು. ಕೋಟಿ ಕೋಟಿ ವರ್ಷಗಳ ಹಿಂದೆ ಎರಡಕ್ಕೂ ಹಿರಿಯರು ಒಬ್ಬರೇ. ಆಮೇಲೆ ಹಕ್ಕಿಗಳ ಬರಹ ಬೇಗ ಬೇಗ ಬದಲಾಯಿತು, ಮೊಸಳೆಯದು ನಿಧಾನಕ್ಕೆ. ಗೂಡು ಕಾಯುವುದು, ಮೊಟ್ಟೆಯೊಳಗಿನ ಮರಿ ಕರೆದರೆ ಓಡಿ ಬರುವುದು ಎರಡಕ್ಕೂ ಆ ಹಿರಿಯರಿಂದಲೇ ಬಂದಿರಬಹುದು. ತಾಯವ್ವನಿಗೆ ಮೈಯೆಲ್ಲ ಉರಿಯಿತು. ಆ ಹಾಳಾದ್ದನ್ನು ತನ್ನ ಕೋಳಿಗೆ ಬೀಗರು ಮಾಡಬೇಡ ಅಂತ ಬೈದು, ಉಣ್ಣುವುದನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಸಿಟ್ಟಲ್ಲ ಅದು, ಹೆದರಿಕೆ. ಮಗಳು ಮುಂಜಾನೆ ಹೊರಟಳೆಂದರೆ ಸಂಜೆ ಬಾಗಿಲಲ್ಲಿ ಅವಳ ಮುಖ ಕಾಣುವತನಕ ಇವಳ ಗಂಟಲಿಗೆ ತುತ್ತು ಇಳಿಯುತ್ತಿರಲಿಲ್ಲ. ಬೇಸಿಗೆ ಮುಗಿಯುತ್ತ, ಮೊಸಳೆ ಮರಿಗಳು ಹೊರಬೀಳುವ ಕಾಲ ಬಂದಂತೆ ತಡೆಯಲಾರದಾದಳು. ಕೆಲಸ ಬಿಡಿಸಿ ಮಗಳನ್ನು ಮನೆಗೆ ಕರೆತರುವುದೇ ಸೈ ಅಂತ ಗಟ್ಟಿ ಮಾಡಿಕೊಂಡು, ಒಂದು ದಿನ ಅವರಿವರನ್ನು ಕೇಳುತ್ತ ಹೊಳೆ ದಂಡೆಗೆ ಬಂದೇಬಿಟ್ಟಳು.

ಮಧು ಕೆಳಗೆ ಮರಳಲ್ಲಿ ನೀರಿಗೆ ಬೆನ್ನು ಹಾಕಿ ಕೂತಿದ್ದಳು. ಫೋನಿನಲ್ಲಿ ಯಾರಿಗೋ ಏನೋ ಹೇಳುತ್ತ, ಖಾಲಿ ಗೂಡಿನ ಚಿಪ್ಪುಗಳನ್ನು ಚೀಲಕ್ಕೆ ಹಾಕುತ್ತಿದ್ದಳು. ಜೊತೆಗಿದ್ದವರು ದೋಣಿ ತರಲು ಹೋಗಿದ್ದರು. ಇಳಿಜಾರಿನ ಅರ್ಧಕ್ಕೆ ಬಂದ ತಾಯವ್ವನಿಗೆ ಮುಂದೆ ಕಾಲೇ ಬರಲಿಲ್ಲ.

ಆಗಲೇ ಅವಳ ಕಾಲ ಬಳಿಯ ಮರಳಿನೊಳಗಿಂದ ಸಣ್ಣ ದನಿಗಳು ಕೇಳಿದವು. ಕಾವು ತುಂಬಿದ ಕೋಳಿಮೊಟ್ಟೆಗಳು ಬುಟ್ಟಿಯಲ್ಲಿ ಕೂಗುತ್ತವಲ್ಲ, ಹಾಗೇ. ಇಲ್ಲೊಂದು ಗೂಡಿರುವುದು ಯಾರಿಗೂ ತಿಳಿದಿರಲಿಲ್ಲ. ತಾಯವ್ವನಿಗೆ ಮಗಳ ಮಾತು ನೆನಪಾಯಿತು. ಕೋಳಿಯ ಬಳಗವಾದರೆ ಇವುಗಳ ತಾಯಿ ಈಗ ಬರುತ್ತದೆ. ಬರುವುದು ನೀರಿನಿಂದ. ನೀರಿಗೂ ಗೂಡಿಗೂ ನಡುವೆ ಕೂತವಳು ಮಧು.

ಕೂಗಬೇಕೆಂದರೆ ದನಿಯೇ ಹೊರಡಲಿಲ್ಲ. ಓಡಿದಳು. ಇಷ್ಟು ವರ್ಷ ಮುಖ ಮುಚ್ಚಿಕೊಂಡು ತಪ್ಪಿಸಿಕೊಂಡ ಆ ನೀರಿನ ಕಡೆಗೇ ಓಡಿ, ಮಗಳ ಮುಂಗೈ ಹಿಡಿದು ದರದರ ಎಳೆದು, ಪಕ್ಕದ ಎತ್ತರದ ಬಂಡೆ ಹತ್ತಿಸಿ ತಾನೂ ಹತ್ತಿದಳು. ಏನಾತು ಅಂತ ಮಧು ಕೇಳುವಷ್ಟರಲ್ಲಿ ಹೊಳೆಯಿಂದ ಮೊಸಳೆ ಎದ್ದು ಬಂತು. ಮಧು ಕೂತಿದ್ದ ಜಾಗದ ಮೇಲೇ ಹಾಯ್ದು, ಚೀಲ ತುಳಿದು, ನೇರ ಗೂಡಿಗೆ ಹೋಯಿತು.

ಮೊಸಳೆ ಮರಳು ಕೆದರಿ ಮರಿಗಳನ್ನು ಬಾಯಲ್ಲಿ ತುಂಬಿಕೊಂಡಿತು.

“ಶಿವನೇ, ತಾ ಹಡದ ಮರೀನ ತಿನ್ನಾಕತ್ತೇತಿ,” ಅಂದಳು ತಾಯವ್ವ.

“ಇಲ್ಲವ್ವ, ನೀರಿಗೆ ಒಯ್ಯಾಕತ್ತೇತಿ. ಸುಮ್ಮನ ನೋಡು,” ಅಂದಳು ಮಧು.

ಪಕ್ಕದ ಮನೆಯವಳನ್ನು ಎಳೆದುಕೊಂಡು ಹೋದಂಥದೇ ಬಾಯಿ. ಅದು ನೀರಂಚಿನಲ್ಲಿ ಮೆಲ್ಲಗೆ ತೆರೆಯಿತು. ಮರಿಗಳು ಒಂದರ ಹಿಂದೊಂದು ಈಜಿ ಹೊರಬಂದವು. ಅಷ್ಟು ಹಲ್ಲುಗಳ ನಡುವೆ ಇದ್ದು ಬಂದ ಮರಿಗಳ ಮೈಮೇಲೆ ಒಂದು ಗೀರೂ ಇರಲಿಲ್ಲ.

“ಯವ್ವಾ, ಕೈ ಬಿಡು. ನೋಯಾಕತ್ತೇತಿ.”

ತಾಯವ್ವ ಕೆಳಗೆ ನೋಡಿದಳು. ತಾನು ಬಿಗಿಯಾಗಿ ಹಿಡಿದಿದ್ದ ಮಗಳ ಮುಂಗೈಯಲ್ಲಿ ಉಗುರು ನಾಟಿ ರಕ್ತ ಬಂದಿತ್ತು. ಬೆರಳು ಸಡಿಲಿಸಬೇಕೆಂದರೂ ಬರಲೊಲ್ಲವು, ಮಧುವೇ ಒಂದೊಂದಾಗಿ ಬಿಡಿಸಿಕೊಂಡಳು.

“ನಾಳೇನೂ ಬರ್ತೀ ಏನ?” ಅಂತ ಕೇಳಿದಳು ತಾಯವ್ವ.

“ಬರ್ತೇನಿ.”

ಹೆದರಿಕೆ ಒಂದಿಷ್ಟೂ ಇಳಿದಿರಲಿಲ್ಲ, ಇನ್ನೂ ಹೆಚ್ಚೇ ಆಗಿತ್ತು. ಆದರೂ ಬ್ಯಾಡ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಸೆರಗಿನ ತುದಿಯಿಂದ ಮಗಳ ಕೈಮೇಲಿನ ರಕ್ತ ಒರೆಸತೊಡಗಿದಳು.