ಸೊಟ್ಟ ಕೋಡಿನ ಆಡು

ಆಡಿನ ಕೋಡನ್ನು ಯಾರೂ ನಿಂತು ನೋಡುವುದಿಲ್ಲ. ನಾನೂ ನೋಡಿರಲಿಲ್ಲ. ನಮ್ಮ ಆಡಿನ ಎಡಗೋಡು ಸೊಟ್ಟ ಎಂದು ನನಗೆ ಗೊತ್ತಾದದ್ದು ಒಬ್ಬ ವಕೀಲರಿಂದ. ಹೇಗೆಂದು ಹೇಳುತ್ತೇನೆ, ಕೇಳಿ.

ಅವ್ವ ಹಳೆ ಸೀರೆ ಕೂಡಿಸಿ ಕೌದಿ ಹೊಲಿಯುತ್ತಾಳೆ, ನಾನು ಸಂತೆಗೆ ಒಯ್ದು ಮಾರುತ್ತೇನೆ. ಟೀವಿಯಲ್ಲಿ ಕುಣಿಯುವ ಒಂದು ನೀಲಿ ಮೊಲವನ್ನು ಅವಳಿಗೆ ಮೊಬೈಲಿನಲ್ಲಿ ತೋರಿಸಿ, ತೊಟ್ಟಿಲ ಕೌದಿಯ ನಡುವೆ ಕೂರಿಸಲು ಹೇಳಿದೆ. ಒಯ್ದಷ್ಟೂ ಖರ್ಚಾದವು.

ಇಂಡಿ ಸಂತೆಯಲ್ಲಿ ಮೊಮ್ಮಗಳಿಗೆ ಕೌದಿ ನೋಡುತ್ತಿದ್ದ ವಕೀಲರೊಬ್ಬರು ಮೊಲ ಕಂಡು ನಿಂತರು.

"ತಮ್ಮಾ, ಈ ಮೊಲಕ್ಕ ಮಾಲಕರು ಅದಾರ. ಅವರನ್ನ ಕೇಳದ ಮಾರಬಾರದು."

"ನಮ್ಮವ್ವ ಕೈಲೆ ಹೊಲದಾಳ್ರಿ!"

"ಹೊಲಗಿ ನಿಮ್ಮವ್ವಂದು, ಮೊಲ ಅವರದು. ನೋಟೀಸ್ ಬಂದ್ರ ನನ್ನ ಕಡೇನ ಬರ್ತಿ."

ಗಂಟು ಕಟ್ಟಿಕೊಂಡು ಬಂದೆ. ಮೊಲ ಬಿಳಿಯದಾದರೆ ಹೊಲದ್ದು, ನೀಲಿಯಾದರೆ ಯಾರದೋ! ತಲೆ ಕೆಟ್ಟಿತು.

ಅವ್ವ ಆಗ ಅಗರಖೇಡದ ಶಾಂತಕ್ಕನ ಮೊಮ್ಮಗನ ಕೌದಿ ಮುಗಿಸುತ್ತಿದ್ದಳು. ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆಯೊಳಗೆ ರೊಟ್ಟಿಚೂರು ಇಟ್ಟು ಹೊಲಿಯುವುದು ನಮ್ಮ ಕಡೆಯ ಪದ್ಧತಿ. ವಕೀಲರ ಮಾತು ಹೇಳಿದೆ.

"ಹೊಟ್ಟಿಗಿ ರೊಟ್ಟಿ ಇಟ್ಟಾಕಿ ನಾನು, ಮಾಲಕ ಅಂವ ಹೆಂಗಾದ?" ಎಂದಳು.

ನಾಡಿದ್ದು ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಶಾಂತಕ್ಕ ಮೊಲವೇ ಬೇಕೆಂದು ಹೇಳಿಹೋಗಿದ್ದಳು. ಮೊಲವಿಲ್ಲವೆಂದು ಅವಳು ಬೇಡವೆಂದರೆ ಅವ್ವನ ಹದಿನೈದು ದಿನದ ಕೈಕೆಲಸ ಮನೆಯಲ್ಲೇ ಉಳಿಯುತ್ತದೆ. ಆದರೂ ನೋಟೀಸಿನ ಹೆದರಿಕೆಗೆ ಮೊಲ ತೆಗೆಯೆಂದೆ; ಅವ್ವ ಗೊಣಗುತ್ತ ಬಿಚ್ಚಿದಳು. ಎದುರಿಗೆ ಕಟ್ಟಿದ್ದ ಆಡನ್ನು ನೋಡಿ ನೋಡಿ, ಸೊಟ್ಟ ಎಡಗೋಡಿನ ಸಮೇತ ಬಟ್ಟೆಯಲ್ಲಿ ಕತ್ತರಿಸಿ ಕೂರಿಸಿದಳು. ಅದು ಸೊಟ್ಟ ಎಂದು ನಾನು ಕಂಡದ್ದು ಆಗಲೇ.

ಶಾಂತಕ್ಕ ಬಂದವಳೇ, "ಏ ತಮ್ಮಾ, ಮೊಲ ಎಲ್ಲಿ ಹೋತು?" ಎಂದಳು.

"ಅದಕ್ಕ ಮಾಲಕ ಅದಾನಂತ, ಯಕ್ಕಾ."

"ಈ ಆಡಿಗಿ?"

"ನಾವ."

"ಭಾಳ ಶಾಣ್ಯಾ ಅದಿ ಬಿಡು" ಎಂದು ನಕ್ಕು ಒಯ್ದಳು. ಆಮೇಲೆ ಎಲ್ಲರಿಗೂ ಆಡೇ ಬೇಕಾಯಿತು.

ಕಳೆದ ವಾರ ಬಾಗೇವಾಡಿ ಸಂತೆಯಲ್ಲಿ ಇನ್ನೊಬ್ಬನ ಅಂಗಡಿಯ ಕೌದಿಯ ಮೇಲೆ ಅದೇ ಆಡು, ಅದೇ ಸೊಟ್ಟ ಎಡಗೋಡು. ಮೈ ಉರಿಯಿತು.

"ಕೇಳದ ಯಾಕ ಹಾಕ್ದಿ ನಮ್ಮ ಆಡ?"

"ನಿಮ್ಮದಾದ್ರ ಕಟ್ಟಿಹಾಕ್ಕೋ, ಹೋಗು. ನಮ್ಮವ್ವ ಕೈಲೆ ಹೊಲದಾಳ."

ನನ್ನದೇ ಮಾತು ಅವನ ಬಾಯಲ್ಲಿ! ಕೌದಿಯ ಮೂಲೆ ಹಿಚುಕಿ ನೋಡಿದೆ. ಒಳಗೆ ರೊಟ್ಟಿ ಗಟ್ಟಿಯಾಗಿ ಕೈಗೆ ತಾಗಿತು. ಕೌದಿ ಮಡಚಿಟ್ಟು ಬಂದುಬಿಟ್ಟೆ. ನಾನು ಸರಿಯೋ, ಅವನು ಸರಿಯೋ, ವಕೀಲರೋ, ಇಂದಿಗೂ ತಿಳಿದಿಲ್ಲ.

ಮನೆಗೆ ಬಂದರೆ ನಮ್ಮ ಆಡು ಹೊಸ ಕೌದಿಯೊಂದನ್ನು ಸೊಟ್ಟ ಕೋಡಿನಿಂದಲೇ ಕೆಳಗೆಳೆದು, ತನ್ನದೇ ಚಿತ್ರದ ಮೇಲೆ ನಿಂತು, ರೊಟ್ಟಿಯ ಮೂಲೆ ಅಗಿಯುತ್ತಿತ್ತು. ಯಾರನ್ನೂ ಕೇಳಿರಲಿಲ್ಲ.