ಮಂಡಿಯೂರಿ ಆರಿಸಿದ ನೆಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಕೊನೆಯ ಮನೆಯ ಮುಂದೆ ನಿಂತ ಪಿಕಪ್ ಗಾಡಿಯ ಹಿಂದಿನ ತೊಟ್ಟಿಯಿಂದ ಕೆರ್ರ್, ಕೆರ್ರ್ ಎಂಬ ಸದ್ದು ಬರುತ್ತಿದೆ. ಇಣುಕಿದರೆ, ಹೆಂಗಸೊಬ್ಬರು ಒಳಗೆ ಮಂಡಿಯೂರಿ ಕೂತಿದ್ದಾರೆ. ತಗಡಿನ ನೆಲಕ್ಕೆ ಅಂಟಿಕೊಂಡ ಕಪ್ಪು ರಬ್ಬರ್ ಲೇಪಕ್ಕೆ ಯಂತ್ರದಿಂದ ಬಿಸಿಗಾಳಿ ಊದಿ ಮೆತ್ತಗೆ ಮಾಡುತ್ತಾರೆ, ಅಗಲ ಬಾಯಿಯ ಉಳಿಯಿಂದ ಮೀಟಿ ಎಬ್ಬಿಸುತ್ತಾರೆ. ಆ ಲೇಪವೋ, ಎಲ್ಲೂ ಬಿರುಕು ಬಿಟ್ಟಿಲ್ಲ, ಸಿಪ್ಪೆ ಎದ್ದಿಲ್ಲ. ಇನ್ನೂ ಎಷ್ಟೋ ವರ್ಷ ಬಾಳುವ ಮಾಲು ಎಂದು ನನ್ನಂಥ ಏನೂ ಅರಿಯದವರಿಗೂ ಗೊತ್ತಾಗುತ್ತದೆ. ಗಟ್ಟಿಮುಟ್ಟಾಗಿರುವುದನ್ನು ಯಾರಾದರೂ ಇಷ್ಟು ಕಷ್ಟಪಟ್ಟು ಕಿತ್ತುಹಾಕುತ್ತಾರೆಯೇ? ಕಂಡಲ್ಲೆಲ್ಲ ಮೂಗು ತೂರಿಸಿ ಬರೆಯುವುದೇ ನನ್ನ ಕಸುಬಾದ್ದರಿಂದ ಕೇಳಿಯೇಬಿಡುತ್ತೇನೆ.

“ಚೆನ್ನಾಗಿ ಅಂಟಿಬಿಟ್ಟಿದೆ, ಅದೇ ತೊಂದರೆ” ಎನ್ನುತ್ತಾರೆ ಅವರು, ತಲೆಯೆತ್ತದೆ. “ಹಚ್ಚಿದೋಳೂ ನಾನೇ. ಅವತ್ತು ಸ್ವಲ್ಪ ಮೈಗಳ್ಳತನ ಮಾಡಿದ್ದಿದ್ರೆ ಇವತ್ತು ಕೈ ಇಷ್ಟು ನೋಯ್ತಿರ್ಲಿಲ್ಲ ನೋಡಿ. ಚಪ್ಪಲಿ ಬಿಟ್ಟು ಮೇಲೆ ಬನ್ನಿ, ಮಣ್ಣು ತರಬೇಡಿ.”

ಗಾಡಿ ಓಡಿಸುವವರೆಲ್ಲ ಇವರನ್ನು ಕರೆಯುವುದು ಮಂಡಿಯಕ್ಕ ಎಂದು. ವಯಸ್ಸು ಐವತ್ತರ ಆಸುಪಾಸು, ತೆಳ್ಳಗಿನ ಆಳು, ಮಾತಿಗಿಂತ ಕೈ ಮುಂದು. ಇವರ ಗಾಡಿ ಸಾಗಿಸುವುದು ಇಟ್ಟಿಗೆಯನ್ನಲ್ಲ, ಮೂಟೆಯನ್ನಲ್ಲ, ಪ್ರಾಣಿಗಳನ್ನು. ಕಾಲು ಮುರಿದ ಕುರಿ, ಹೊಟ್ಟೆ ಉಬ್ಬರಿಸಿದ ಎಮ್ಮೆ, ಹೆರಿಗೆಗೆ ಬಂದ ಹಸು, ಒಮ್ಮೆ ಒಂದು ಮುದಿ ಕುದುರೆ, ಹೀಗೆ ಪಶು ಆಸ್ಪತ್ರೆಗೆ ಹೋಗಬೇಕಾದವೆಲ್ಲ ಈ ತೊಟ್ಟಿ ಹತ್ತಿ ಇಳಿದಿವೆ. ಊರಿನ ಎಷ್ಟು ಹಟ್ಟಿಗಳಲ್ಲಿ ಇವರ ಫೋನ್ ನಂಬರನ್ನು ಗೋಡೆಯ ಮೇಲೆ ಇದ್ದಿಲಲ್ಲಿ ಗೀಚಿಟ್ಟಿದ್ದಾರೋ ಲೆಕ್ಕವಿಲ್ಲ. ಅಷ್ಟಾದರೂ ಇವರ ಬಗ್ಗೆ ಇದುವರೆಗೆ ಯಾರೂ ಒಂದು ಸಾಲು ಬರೆದಿಲ್ಲ. ಬರೆಯುತ್ತೇನೆ ಎಂದಾಗ ಇವರು ನನ್ನನ್ನು ನೋಡಿದ ರೀತಿಯಲ್ಲಿ, ಪಾಪ, ಬೇರೆ ಕೆಲಸ ಸಿಗಲಿಲ್ಲವೇನೋ ಎಂಬ ಕನಿಕರವಿತ್ತು.

ತಗಡಿನ ನೆಲದ ಮೇಲೆ ಹಸು ನಿಲ್ಲಲಾರದು. ಒಂದಿಷ್ಟು ಗಂಜಲ ಬಿದ್ದರೆ ಸಾಕು, ಗೊರಸು ಜಾರುತ್ತದೆ, ಕಾಲು ಸೀಳುತ್ತದೆ. ಅದಕ್ಕೇ ಗಾಡಿಯ ತೊಟ್ಟಿಗೆ ಒಳಹೊದಿಕೆ ಬೇಕು. ಲೈನರ್ ಎನ್ನುತ್ತಾರೆ ಅದನ್ನು. ಗಾಡಿಯವರ ಮುಂದೆ ದಾರಿಗಳು ಹಲವು. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ತೊಟ್ಟಿಯನ್ನು ತಂದು ಒಳಗಿಟ್ಟುಬಿಡಬಹುದು. ಆದರೆ ಅದೂ ಜಾರುತ್ತದೆ, ಸಾಲದ್ದಕ್ಕೆ ಅದರಡಿ ನೀರು ನಿಂತು ತಗಡು ಗುಟ್ಟಾಗಿ ತುಕ್ಕು ಹಿಡಿಯುತ್ತದೆ. ದಪ್ಪ ರಬ್ಬರ್ ಹಾಸನ್ನು ಹಾಸಬಹುದು. ಅದು ಜಾರದು, ಆದರೆ ಗಂಜಲ ಅಡಿಗಿಳಿದು ನಾರುತ್ತದೆ, ಎತ್ತಿ ತೊಳೆಯಲು ಇಬ್ಬರು ಬೇಕು. ಉಳಿದದ್ದು ಬಣ್ಣದ ಹಾಗೆ ನಾವೇ ಹಚ್ಚಿಕೊಳ್ಳುವ ಲೇಪ. ರಬ್ಬರಿನ ಸಣ್ಣ ಕಾಳು ಬೆರೆಸಿದ ದಪ್ಪ ದ್ರವ ಅದು, ಡಬ್ಬಿಯಲ್ಲಿ ಸಿಗುತ್ತದೆ. ಒಮ್ಮೆ ಹಿಡಿದುಕೊಂಡರೆ ತಗಡಿಗೂ ಅದಕ್ಕೂ ನಡುವೆ ಒಂದು ಹನಿ ನೀರೂ ನುಸುಳದು.

ಹಿಂದಿನ ಸಲ ಮಂಡಿಯಕ್ಕ ಆರಿಸಿದ್ದು ಇಂಥದೇ ಲೇಪವನ್ನು, ಅದರಲ್ಲೂ ಅತ್ಯಂತ ಒರಟು ಕಾಳಿನದನ್ನು. ಕಲ್ಲು ಸಾಗಿಸುವವರು ಹಚ್ಚುವ ಮಾಲು.

“ಗೊರಸು ಜಾರಬಾರದು ಅನ್ನೋದೊಂದೇ ತಲೇಲಿತ್ತು” ಎನ್ನುತ್ತಾರೆ. “ಹಸು ನಿಂತ್ಕೊಳ್ಳುತ್ತೆ ಅಂತ ಯೋಚಿಸ್ದೆ. ಕೂತ್ಕೊಳ್ಳುತ್ತೆ ಅಂತ ಯೋಚಿಸ್ಲಿಲ್ಲ. ಹಸು ಜೊತೆ ಬೆಳೆದೋಳು ನಾನು, ನೋಡಿ, ನನಗೇ ಹೊಳೀಲಿಲ್ಲ.”

ಹಸು ಮಲಗುವಾಗ ಮೊದಲು ಊರುವುದು ಮುಂಗಾಲಿನ ಮಂಡಿಗಳನ್ನು. ಏಳುವಾಗಲೂ ಅಷ್ಟೇ, ಹಿಂಭಾಗ ಮೇಲೆದ್ದರೂ ಮಂಡಿ ನೆಲದಲ್ಲೇ ಇರುತ್ತದೆ, ಮೈಯ ಭಾರವೆಲ್ಲ ಅದರ ಮೇಲೆ. ಹೊಸ ನೆಲದ ಮೇಲೆ ಮೊದಲು ಪಯಣಿಸಿದ್ದು ಪಕ್ಕದ ಬೀದಿಯ ಹಾಲಿನ ಅಜ್ಜಿಯ ಕೆಂದು ಹಸು. ದಾರಿಯುದ್ದಕ್ಕೂ ಒಮ್ಮೆಯೂ ಜಾರಲಿಲ್ಲ. ಮಂಡಿಯಕ್ಕ ಬೀಗುತ್ತಲೇ ಹಿಂಬಾಗಿಲು ತೆರೆದರು. ಹಸುವಿನ ಎರಡೂ ಮಂಡಿ ತರಚಿ ರಕ್ತ ಸುರಿಯುತ್ತಿತ್ತು. ತಿರುವಿನಲ್ಲೆಲ್ಲ ಕೂತು ಎದ್ದು, ಕೂತು ಎದ್ದು, ಅದರ ಚರ್ಮವನ್ನು ಆ ಕಾಳುಗಳು ಉಜ್ಜಿ ತೆಗೆದಿದ್ದವು.

ಅಜ್ಜಿ ಬೈಯಲಿಲ್ಲವಂತೆ. “ಬೈದಿದ್ರೆ ಎಷ್ಟೋ ವಾಸಿಯಿತ್ತು. ‘ನನ್ನ ಹಸು ನಿನ್ನ ಗಾಡಿ ಹತ್ತಿದ್ದು ಇದೇ ಕೊನೆ’ ಅಂದ್ರು, ಅಷ್ಟೇ. ಗಾಯ ಮಾಯೋವರೆಗೂ ದಿನಾ ಹೋಗಿ ಮುಲಾಮು ಹಚ್ಚಿ ಬಂದೆ. ಹಟ್ಟಿ ಬಾಗಿಲು ತೆಗೀತಿದ್ರು, ಬಾಯಿ ಮಾತ್ರ ತೆಗೀತಿರ್ಲಿಲ್ಲ. ನಂಗೆ ಅಳು ಬರ್ತಿತ್ತು.”

ಈಗ ಅದೇ ಕೆಂದು ಹಸು ತುಂಬು ಗಬ್ಬದಲ್ಲಿದೆ. ಹೋದ ಸಲ ಹೆರಿಗೆ ಕಷ್ಟವಾಗಿ ಕರು ಉಳಿಯಲಿಲ್ಲ. ಈ ಬಾರಿ ದಿನ ತುಂಬುವ ಮೊದಲೇ ತಂದು ಆಸ್ಪತ್ರೆಯ ಕೊಟ್ಟಿಗೆಯಲ್ಲೇ ಇರಿಸಿ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಊರಿನ ಬೇರೆ ಗಾಡಿಗಳದೆಲ್ಲ ಬರೀ ತಗಡಿನ ನೆಲ. ಗಬ್ಬದ ಹಸು ಅಲ್ಲಿ ಜಾರಿ ಬಿದ್ದರೆ ಎರಡು ಜೀವಕ್ಕೂ ಕುತ್ತು. ಬೇರೆ ದಾರಿ ಕಾಣದೆ ಅಜ್ಜಿ ಹೇಳಿ ಕಳಿಸಿದ್ದಾರೆ: ಆ ನೆಲ ತೆಗೆದರೆ ನೋಡೋಣ. ಅದಕ್ಕೇ ಬೆಳಗಾಗುವ ಮೊದಲೇ ಈ ಕೆರೆತ.

ಹಳೆಯದರ ಮೇಲೇ ಇನ್ನೊಂದು ಕೈ ನುಣ್ಣನೆಯದನ್ನು ಹಚ್ಚಿದರೆ ಆಗದೇ ಎಂದು ನನ್ನ ಬುದ್ಧಿವಂತಿಕೆ ತೋರಿಸುತ್ತೇನೆ. ಅವರು ನನ್ನ ಅಂಗೈ ಹಿಡಿದು ಹಳೆಯ ಲೇಪದ ಮೇಲೆ ಒತ್ತಿ ಎಳೆಯುತ್ತಾರೆ. ಉರಿ ಹತ್ತುತ್ತದೆ. “ಈ ಮುಳ್ಳಿನ ಮೇಲೆ ಏನು ಹಚ್ಚಿದ್ರೂ ಮುಳ್ಳೇ” ಎನ್ನುತ್ತಾರೆ. ಆಮೇಲೆ ನಾನು ಸಲಹೆ ಕೊಡುವುದನ್ನು ಬಿಟ್ಟು, ಎದ್ದ ಚೂರುಗಳನ್ನು ಚೀಲಕ್ಕೆ ತುಂಬುವ ಕೆಲಸ ಹಿಡಿಯುತ್ತೇನೆ.

ಅಡುಗೆಮನೆಯ ಗೋಡೆಗೆ ಒರಗಿಸಿಟ್ಟ ಹಲಗೆಗಳನ್ನು ನೋಡಿದಾಗಲೇ ಅವರ ಅಡ್ಡಹೆಸರಿನ ಗುಟ್ಟು ನನಗೆ ತಿಳಿಯುವುದು. ಬಣ್ಣದಂಗಡಿಯವರನ್ನು ಕಾಡಿ ಬೇಡಿ, ಡಬ್ಬಿಯ ತಳದಲ್ಲಿ ಉಳಿದ ಬೇರೆ ಬೇರೆ ಲೇಪಗಳನ್ನು ತಂದು ಒಂದೊಂದು ಹಲಗೆಗೆ ಹಚ್ಚಿದ್ದಾರೆ. ಹಲಗೆ ಒಣಗಿದ ಮೇಲೆ ಅದರ ಮೇಲೆ ಬರಿ ಮಂಡಿ ಊರಿ, ಗಾಡಿ ತಿರುವಿನಲ್ಲಿ ವಾಲುವ ಹಾಗೆ ಎಡಕ್ಕೂ ಬಲಕ್ಕೂ ವಾಲುತ್ತಾರೆ. ಹಸುವಿನ ಭಾರ ಬರಬೇಕಲ್ಲ? ಅದಕ್ಕೆ ಗಂಡ ಇದ್ದಾರೆ. ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುವ ಆ ದರ್ಜಿ, ಹೊಲಿಗೆ ನಿಲ್ಲಿಸಿ ಬಂದು ಹೆಂಡತಿಯ ಭುಜದ ಮೇಲೆ ಎರಡೂ ಕೈಯೂರಿ ಮೈಭಾರ ಬಿಡಬೇಕು.

“ಮದುವೆ ಆದಾಗಿನಿಂದ ನನ್ನ ಮೇಲೆ ಸವಾರಿ ಮಾಡ್ತಿದ್ದೋಳು, ಈಗ ಸರದಿ ನಂದು” ಎಂದು ದರ್ಜಿ ಕಣ್ಣು ಮಿಟುಕಿಸುತ್ತಾರೆ.

“ರೀ, ಮಾತು ಕಮ್ಮಿ ಮಾಡಿ, ಭಾರ ಜಾಸ್ತಿ ಹಾಕಿ” ಎನ್ನುತ್ತಾರೆ ಕೆಳಗಿನಿಂದ ಮಂಡಿಯಕ್ಕ.

ಆಮೇಲೆ ಅದೇ ಹಲಗೆಗೆ ನೀರು ಹೊಯ್ದು, ಓರೆ ಇಟ್ಟು, ಸವೆದು ನುಣ್ಣಗಾದ ಹಳೆಯ ಚಪ್ಪಲಿ ಮೆಟ್ಟಿ ಹತ್ತಿ ನಿಲ್ಲುತ್ತಾರೆ. ಒರಟು ಕಾಳಿನ ಹಲಗೆಯಲ್ಲಿ ಕಾಲು ನಿಂತಿತು, ಮಂಡಿ ಕೆಂಪಾಯಿತು. ತೀರಾ ನುಣುಪಿನದರಲ್ಲಿ ಮಂಡಿಗೆ ಹಾಯೆನಿಸಿತು, ಆದರೆ ಕಾಲು ಜಾರಿ ಅಕ್ಕ ದರ್ಜಿಯ ಮೇಲೆಯೇ ಬಿದ್ದರಂತೆ. ದರ್ಜಿ ಈಗಲೂ ಸೊಂಟ ನೀವಿಕೊಂಡು ತೋರಿಸುತ್ತಾರೆ. ಎರಡೂ ಆಗಬೇಕೆಂದರೆ ಏನು ಮಾಡುವುದು? ಅಂಗಡಿಯ ಯಾವ ಡಬ್ಬಿಯಲ್ಲೂ ಉತ್ತರವಿರಲಿಲ್ಲ. ಎಷ್ಟೋ ಹಲಗೆ ಕೆಡಿಸಿದ ಮೇಲೆ ಅಕ್ಕ ಕಂಡುಕೊಂಡಿದ್ದು ಇದು: ಮೊದಲು ನಡುವಳತೆಯ ಕಾಳಿನ ಲೇಪ, ಅದರ ಮೇಲೆ ಕಾಳನ್ನು ಸೋಸಿ ತೆಗೆದ ಬರಿಯ ದ್ರವದ ಇನ್ನೊಂದು ಲೇಪ.

“ಮೊನೆ ಮುಚ್ಚಿಹೋಗುತ್ತೆ, ಉಬ್ಬು ಉಳಿಯುತ್ತೆ. ಗೊರಸಿಗೆ ಉಬ್ಬು ಸಾಕು. ಮಂಡಿಗೆ ಮೊನೆ ಬೇಡ” ಎನ್ನುತ್ತಾರೆ. ನಾನೂ ಪ್ಯಾಂಟು ಮಡಚಿ ಆ ಹಲಗೆಯ ಮೇಲೆ ಮಂಡಿಯೂರಿ ವಾಲುತ್ತೇನೆ. ದರ್ಜಿ ನನ್ನ ಭುಜದ ಮೇಲೂ ಭಾರ ಬಿಡುತ್ತಾರೆ, ಸ್ವಲ್ಪ ಹೆಚ್ಚೇ ಉತ್ಸಾಹದಿಂದ. ನೋವಿಲ್ಲ.

ಹಚ್ಚುವುದಕ್ಕಿಂತ ಮೊದಲಿನ ಕೆಲಸವೇ ದೊಡ್ಡದು. ಹಳೆಯದೆಲ್ಲ ಎದ್ದ ಮೇಲೆ ತುಕ್ಕಿನ ಕಲೆಗಳನ್ನು ತಂತಿ ಬ್ರಷ್‌ನಿಂದ ಉಜ್ಜಬೇಕು, ಸೋಪಿನ ನೀರಲ್ಲಿ ಜಿಡ್ಡು ತೊಳೆಯಬೇಕು. ಮತ್ತೆ ಉಪ್ಪುಕಾಗದ ಹಿಡಿದು ತಗಡಿನ ಹೊಳಪೆಲ್ಲ ಸಾಯುವವರೆಗೆ ತಿಕ್ಕಬೇಕು. ಹೊಳೆಯುವ ಕಡೆ ಲೇಪ ನಿಲ್ಲುವುದಿಲ್ಲ, ಹಾಳೆಯ ಹಾಗೆ ಎದ್ದು ಬರುತ್ತದೆ. ಕೊನೆಗೆ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದ ಮೇಲೆ ನೆಲವನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆವರಿನ ಜಿಡ್ಡು ಸಾಕು ಕೆಡಿಸಲು. ಆ ಬಟ್ಟೆಯೆಲ್ಲ ದರ್ಜಿಯ ಅಂಗಡಿಯ ಚೂರುಗಳು, ಹೂವಿನ ಚಿತ್ತಾರದವು, ಗೆರೆಯವು, ಯಾರದೋ ಹೊಸ ಕೋಟಿನ ಅಸ್ತರಿನವು. ನೀರು ಹರಿದು ಹೋಗುವ ತೂತುಗಳಿಗೂ ಅವನ್ನೇ ಸುರುಳಿ ಮಾಡಿ ತುರುಕುತ್ತಾರೆ. ಲೇಪ ತೂತು ಮುಚ್ಚಿದರೆ ಗಂಜಲ ಒಳಗೇ ಕೆರೆಯಾಗುತ್ತದೆ. ಅಂಚಿಗೆ ಕಾಗದದ ಟೇಪು ಅಂಟುತ್ತದೆ. ಬೋಲ್ಟುಗಳ ತಲೆಯ ಮೇಲೂ ಒಂದೊಂದು ತುಂಡು, ಮುಂದೆಂದಾದರೂ ಬಿಚ್ಚಬೇಕಾದೀತು.

ಡಬ್ಬಿ ತೆರೆದ ಮೇಲೆ ಕೋಲು ಹಾಕಿ ಕಲಕುತ್ತಾರೆ, ನಿಲ್ಲಿಸುವುದೇ ಇಲ್ಲ. ಕಾಳು ತಳಕ್ಕಿಳಿದರೆ ನೆಲದ ಒಂದು ಕಡೆ ನುಣುಪು, ಇನ್ನೊಂದು ಕಡೆ ಒರಟು. ಮೂಲೆಗಳಿಗೆ ಮೊದಲು ಬ್ರಷ್, ಆಮೇಲೆ ಬಯಲಿಗೆ ರೋಲರ್. ಮುಂದಿನ ಗೋಡೆಯಿಂದ ಶುರುಮಾಡಿ, ಹಿಂದೆ ಹಿಂದೆ ಸರಿಯುತ್ತಾ, ಕೊನೆಗೆ ಹಿಂಬಾಗಿಲಿನಿಂದ ಇಳಿಯಬೇಕು. ಮೊದಲ ಸಲ ಹಚ್ಚಿದಾಗ ಹಿಂಬಾಗಿಲಿನಿಂದ ಶುರುಮಾಡಿ, ಮುಂದಿನ ಮೂಲೆಯಲ್ಲಿ ಸಿಕ್ಕಿಹಾಕಿಕೊಂಡು, ಕೊನೆಗೆ ಗಾಡಿಯ ನೆತ್ತಿ ಹತ್ತಿ ಇಳಿದರೆಂದು ದರ್ಜಿ ಪಿಸುಗುಡುತ್ತಾರೆ. ಅಕ್ಕನಿಗೆ ಕೇಳಿಸುತ್ತದೆ. ಎರಡನೆಯ ಲೇಪ ಮರುದಿನ, ಅಡ್ಡಡ್ಡಲಾಗಿ. ಮುಗಿದ ಮೇಲೆ ಗಾಡಿಯನ್ನು ಬಿಸಿಲಿಗೆ ಬಿಟ್ಟು, ವಾಸನೆ ಪೂರ್ತಿ ಹೋಗಲಿ ಎಂದು ಅವರು ಕಾಯುತ್ತಾರೆ. ನಮ್ಮ ಮೂಗಿಗೆ ಹೋದರೆ ಸಾಲದು, ಹಸುವಿನ ಮೂಗಿಗೂ ಹೋಗಬೇಕು ಎಂಬುದು ಅವರ ಲೆಕ್ಕ.

ಹೊರಡುವ ದಿನ ನಾನೂ ಜೊತೆಗಿದ್ದೇನೆ. ಅಜ್ಜಿಯ ಹಟ್ಟಿಯ ಮುಂದೆ ಗಾಡಿ ನಿಂತಿದೆ, ಹಲಗೆಯ ಇಳಿಜಾರು ಇಟ್ಟಾಗಿದೆ. ಕೆಂದು ಹಸು ಹೊಟ್ಟೆ ಹೊತ್ತು ಬಂದು, ಹಲಗೆಯ ಮೇಲೆ ಒಂದು ಕಾಲಿಟ್ಟು, ಮೂಸಿ, ಹಿಂದೆ ಸರಿಯುತ್ತದೆ. ಇನ್ನೊಮ್ಮೆ ಕರೆತಂದರೂ ಅಷ್ಟೇ. ಮಂಡಿಯಕ್ಕ ಹಗ್ಗ ಎಳೆಯುವುದಿಲ್ಲ, ಯಾವತ್ತೂ ಎಳೆದವರಲ್ಲ. ಆದರೆ ಮುಖ ಬಾಡಿದೆ.

“ಅದಕ್ಕೆ ನೆನಪಿದೆ” ಎನ್ನುತ್ತಾರೆ ಅಜ್ಜಿ. ಅಷ್ಟು ದಿನಗಳ ಮೇಲೆ ಅಕ್ಕನಿಗೆ ನೇರವಾಗಿ ಆಡಿದ ಮೊದಲ ಮಾತು ಇದಂತೆ.

“ಇರುತ್ತೆ ಅಜ್ಜಿ. ತಪ್ಪು ಅದರದ್ದಲ್ಲ.”

ಅಜ್ಜಿ ಚಪ್ಪಲಿ ಕಳಚಿ, ಅಕ್ಕನ ಕೈ ಹಿಡಿದು, ಹಲಗೆ ಹತ್ತಿ ತೊಟ್ಟಿಯೊಳಗೆ ಹೋಗುತ್ತಾರೆ. ಬರಿಗಾಲಲ್ಲಿ ಮೂಲೆ ಮೂಲೆ ಸುತ್ತಿ, ಪಕ್ಕದ ಕಂಬಿ ಹಿಡಿದು, ತಮ್ಮ ಮುದಿ ಮಂಡಿಗಳನ್ನು ನಿಧಾನವಾಗಿ ನೆಲಕ್ಕೆ ಊರುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಅಲ್ಲಿಂದಲೇ “ಬಾ ತಾಯಿ, ಬಾ” ಎಂದು ದಿನಾ ಹಾಲು ಕರೆಯುವಾಗಿನ ದನಿಯಲ್ಲಿ ಕರೆಯುತ್ತಾರೆ. ಹಸು ಕಿವಿ ನಿಮಿರಿಸುತ್ತದೆ, ಹಲಗೆ ಹತ್ತುತ್ತದೆ, ಒಳಗೆ ಹೋಗಿ ಅಜ್ಜಿಯ ತಲೆಯನ್ನು ಮೂಸುತ್ತದೆ.

ದಾರಿಯಲ್ಲಿ ಮುಂದಿನ ಸೀಟಿನಲ್ಲಿ ಮೂವರಿದ್ದೇವೆ. ಎತ್ತಿನ ನಡಿಗೆಯ ವೇಗ. ಹಿಂದಿದ್ದವರು ಹಾರನ್ ಬಡಿಯುತ್ತಾರೆ, ಬಡಿದುಕೊಳ್ಳಲಿ. ಸೇತುವೆ ದಾಟಿದ ಮೇಲೆ ಒಂದು ತಿರುವಿನಲ್ಲಿ ಗಾಡಿ ಹಿಂದಕ್ಕೆ ಸಣ್ಣಗೆ ಕುಸಿದಂತಾಗುತ್ತದೆ. ಹಸು ಕೂತಿದೆ. ಸ್ಟಿಯರಿಂಗ್ ಹಿಡಿದ ಅಕ್ಕ ಗಾಡಿಯನ್ನು ಇನ್ನೂ ನಿಧಾನ ಮಾಡುತ್ತಾರೆ. ಅಜ್ಜಿ ಹಿಂದಿನ ಕಿಟಕಿಯಿಂದ ಕಣ್ಣು ಕೀಳುವುದಿಲ್ಲ. ಇನ್ನೊಂದು ತಿರುವಿನಲ್ಲಿ ಅದು ಏಳುತ್ತದೆ, ಆಮೇಲೆ ಮತ್ತೆ ಕೂರುತ್ತದೆ.

ಆಸ್ಪತ್ರೆಯ ಅಂಗಳದಲ್ಲಿ ಹಿಂಬಾಗಿಲು ತೆರೆಯುವುದು ಅಕ್ಕನಲ್ಲ, ಅಜ್ಜಿ. ಅಕ್ಕ ಗಾಡಿಯ ಪಕ್ಕದಲ್ಲೇ ನಿಂತುಬಿಟ್ಟಿದ್ದಾರೆ, ನೋಡಲು ಧೈರ್ಯ ಸಾಲದೆ. ಹಸು ಮೊದಲು ಹಿಂಗಾಲು, ಆಮೇಲೆ ಮುಂಗಾಲು ಎತ್ತಿ ಎದ್ದು ನಿಂತು, ನಿಧಾನವಾಗಿ ಇಳಿಯುತ್ತದೆ. ಅಜ್ಜಿ ಬಗ್ಗಿ ಅದರ ಒಂದು ಮಂಡಿಯನ್ನು ಅಂಗೈಯಿಂದ ಸವರುತ್ತಾರೆ, ಬೆಳಕಿಗೆ ಹಿಡಿದು ಅಂಗೈ ನೋಡುತ್ತಾರೆ. ಇನ್ನೊಂದನ್ನೂ ಸವರಿ ನೋಡುತ್ತಾರೆ. ಒಂದಿಷ್ಟು ಧೂಳು, ಅಷ್ಟೇ. ಕೂದಲೂ ಉದುರಿಲ್ಲ.

ಹಸುವನ್ನು ಕೊಟ್ಟಿಗೆಗೆ ಕಟ್ಟಿ ಬಂದ ಅಜ್ಜಿ, ಅಕ್ಕನ ಮುಂದೆ ನಿಂತು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ. “ಕರು ಹಾಕಿದ ಮೇಲೆ ಹೇಳಿ ಕಳಿಸ್ತೀನಿ ಮಗಳೇ. ತಾಯಿ ಮಗು ಇಬ್ಬರನ್ನೂ ನೀನೇ ಮನೆಗೆ ಕರ್ಕೊಂಡು ಬಾ.”

“ಆಯ್ತಜ್ಜಿ” ಎನ್ನುತ್ತಾರೆ ಅಕ್ಕ. ಮುಖ ತಿರುಗಿಸಿಕೊಂಡು ಹಲಗೆ ಎತ್ತಿ ಒಳಗಿಡುವ ನೆಪ ಮಾಡುತ್ತಾರೆ.

ವಾಪಸು ಬರುವಾಗ, ಇನ್ನೇನು ಆಸೆಯಿದೆ ಎಂದು ಕೇಳುತ್ತೇನೆ. ಇಂಥ ಲೇಖನಕ್ಕೆ ಕೊನೆಯಲ್ಲಿ ಒಂದು ಆಸೆ ಬೇಕಾಗುತ್ತದೆ. ಅವರು ಕಣ್ಣೊರೆಸಿಕೊಂಡು ನಗುತ್ತಾರೆ. “ಆಸೆಯೇನು, ತುಂಬಾ ಖುಷಿಯಾಗಿದೆ” ಎಂದು, ಒಂದಿಷ್ಟು ದೂರ ಓಡಿಸಿ, ಮತ್ತೆ ತಮ್ಮಷ್ಟಕ್ಕೇ ಎಂಬಂತೆ ಹೇಳುತ್ತಾರೆ: “ಕರುವಿನ ಮಂಡಿ ಎಳೇದು. ಒಂದು ಮೂಲೇಲಾದ್ರೂ ನುಣ್ಣನೇದು ಇನ್ನೊಂದು ಕೈ ಹಚ್ಚಿಡ್ಬೇಕು.”