ತುಂಬಿದ ಬ್ಯಾಟರಿ ಆರಿದ್ದು

ಗೆಳೆಯರೇ, ಇವತ್ತು ನೀಲಗಿರಿಯ ಕೀಳ್ ಕೋತಗಿರಿಯಲ್ಲಿ ನಾನು ಸಿಕ್ಕಿಬಿದ್ದೆ! ಚಹಾ ಎಲೆ ತೂಗುವ ಶೆಡ್ಡಿನ ರಸೀದಿ ಯಂತ್ರ, ಬ್ಯಾಟರಿ ಪೂರ್ತಿ ತುಂಬಿದೆ ಎಂದು ತೋರಿಸುತ್ತಲೇ ಮೂರನೇ ಸಲ ಆರಿಹೋಯಿತು. ನಮ್ಮ ಹಟ್ಟಿಯ ಮಾದಿ ಹೆತ್ತೆ (ನಮ್ಮ ಮಾತಿನಲ್ಲಿ ಹೆತ್ತೆ ಎಂದರೆ ಅಜ್ಜಿ) ರೇಗಿದರು: "ಹೊಟ್ಟೆ ತುಂಬಿದೆ ಅಂತದೆ, ಹಂಗೇ ತಲೆ ಸುತ್ತಿ ಬೀಳ್ತದೆ! ಎಲೆಯೆಲ್ಲಾ ಬಾಡ್ತದೆ. ಇದ ಮಾಡಿದವ ಆರು?"

ಲ್ಯಾಪ್‌ಟಾಪ್ ಜೋಡಿಸಿ ನೋಡಿದೆ. ಅದರ ವಿದ್ಯುತ್ ನಿಭಾಯಿಸುವ ಚಿಪ್‌ಗೆ, ಯಂತ್ರದ ಮೂಲ ತಂತ್ರಾಂಶವಾದ ಲಿನಕ್ಸ್ ಕರ್ನೆಲ್‌ನಲ್ಲಿ ಡ್ರೈವರ್ ಎಂಬ ಕೋಡ್ ಬರೆದು ನೋಡಿಕೊಳ್ಳುವವನು ಸಾಕ್ಷಾತ್ ನಾನೇ! ತಪ್ಪೂ ನನ್ನದೇ.

"ನಾನೇ, ಹೆತ್ತೆ."

"ಹಂಗಾದ್ರೆ ಕೂತು ಸರಿ ಮಾಡು!"

ಎಲೆಮೂಟೆಯ ಮೇಲೆ ಕೂತು ತಿದ್ದಿದೆ. ಯಂತ್ರ ಕೊನೆಗೂ ನಿಜ ನುಡಿಯಿತು: ಬ್ಯಾಟರಿ ಖಾಲಿ! ಚಾರ್ಜರ್ ಚುಚ್ಚಿದೆವು, ತೂಕ ಸಾಗಿತು. ತಿದ್ದಿದ ಕೋಡಿನ ಜೊತೆ ದೋಷ ತಿಳಿಸಿದವರ ಹೆಸರು, ಇಮೇಲ್ ಬರೆಯುವುದು ಕರ್ನೆಲ್‌ನವರ ಪದ್ಧತಿ. ಬರೆದೆ: "ವರದಿ ಮಾಡಿದವರು, ಮಾದಿ ಹೆತ್ತೆ." ಅವರ ಇಮೇಲ್ ಕೇಳುವವರು ನಾಳೆ ಶೆಡ್ಡಿಗೆ ಬನ್ನಿ, ಉತ್ತರ ಖುದ್ದಾಗಿ ಸಿಗುತ್ತದೆ.